ಗೋಡೆ ದಾಟಿ ಬಂದ ವೈಫೈ ಯಾರದು?

ಮಕ್ಕಳೇ, ಇವತ್ತು ಕಣ್ಣಿಗೆ ಕಾಣದ ಒಂದು ಸಂಗತಿಯನ್ನು ಹುಡುಕೋಣ ಬನ್ನಿ. ಅಪ್ಪನನ್ನೋ ಅಮ್ಮನನ್ನೋ ಕೇಳಿ ಅವರ ಮೊಬೈಲನ್ನು ಸ್ವಲ್ಪ ಹೊತ್ತು ತೆಗೆದುಕೊಳ್ಳಿ. ಸೆಟ್ಟಿಂಗ್ಸ್ ಒಳಗೆ ವೈಫೈ ಎಂದಿರುವ ಕಡೆ ಒತ್ತಿ. ಒಂದರ ಕೆಳಗೊಂದು ಹೆಸರುಗಳು ಮೂಡುತ್ತವೆ, ನೋಡಿ. ನಿಮ್ಮ ಮನೆಯದು ಒಂದಿರಬಹುದು. ಪಕ್ಕದ ಮನೆಯದು, ಮೇಲಿನ ಮಹಡಿಯದು, ಎದುರು ಅಂಗಡಿಯದು ಕೂಡ ಇರಬಹುದು. ಹೆಚ್ಚಿನ ಹೆಸರುಗಳ ಪಕ್ಕದಲ್ಲಿ ಪುಟ್ಟ ಬೀಗದ ಚಿತ್ರವಿರುತ್ತದೆ. ಅಪರೂಪಕ್ಕೆ ಯಾವುದೋ ಒಂದಕ್ಕೆ ಬೀಗವೇ ಇರುವುದಿಲ್ಲ.

ಬೀಗವಿಲ್ಲದ ಹೆಸರು ಕಂಡ ಕೂಡಲೇ ಒತ್ತಿಬಿಡೋಣ ಎಂದು ಕೈ ತುರಿಸುತ್ತದೆ, ಅಲ್ಲವೇ? ‘ಅದು ತಾನಾಗಿ ನಮ್ಮ ಮನೆಯೊಳಗೆ ಬಂದಿದೆ, ಬಳಸಿದರೆ ಏನಾಯಿತು?’ ಎಂದೂ ಅನ್ನಿಸುತ್ತದೆ. ಇದು ನಿಜಕ್ಕೂ ಒಳ್ಳೆಯ ಪ್ರಶ್ನೆ. ಉತ್ತರ ಬೇಕಾದರೆ, ಪಕ್ಕದ ಮನೆಯ ವೈಫೈ ನಮ್ಮ ಮನೆಯೊಳಗೆ ಹೇಗೆ ಬಂತು ಎಂಬುದನ್ನು ಮೊದಲು ತಿಳಿಯೋಣ.

ವೈಫೈ ಇರುವ ಮನೆಗಳಲ್ಲಿ ಪುಟ್ಟ ದೀಪಗಳನ್ನು ಮಿಣುಕಿಸುತ್ತಾ ಮೂಲೆಯಲ್ಲಿ ಒಂದು ಡಬ್ಬಿ ಕುಳಿತಿರುತ್ತದೆ. ಅದೇ ರೂಟರ್. ಹೊರಗಿನಿಂದ ಇಂಟರ್ನೆಟ್ ಒಂದು ತಂತಿಯಲ್ಲಿ ಅಲ್ಲಿಯವರೆಗೆ ಬರುತ್ತದೆ. ಅಲ್ಲಿಂದ ಮೊಬೈಲಿಗೆ ತಂತಿಯೇ ಇಲ್ಲ. ಮಾತು, ಚಿತ್ರ, ಪಾಠದ ವಿಡಿಯೊ ಎಲ್ಲವನ್ನೂ ರೂಟರ್ ರೇಡಿಯೊ ಅಲೆಗಳನ್ನಾಗಿ ಮಾಡಿ ಸುತ್ತಲೂ ಹರಡುತ್ತದೆ. ಮೊಬೈಲ್ ಆ ಅಲೆಗಳನ್ನು ಹಿಡಿದು ಮತ್ತೆ ಮಾತು, ಚಿತ್ರ ಮಾಡಿಕೊಳ್ಳುತ್ತದೆ.

ಅಜ್ಜಿ ಆಕಾಶವಾಣಿ ಕೇಳುವುದೂ ರೇಡಿಯೊ ಅಲೆಗಳಿಂದಲೇ. ಎಫ್‌ಎಂ ಅಲೆ ಸೆಕೆಂಡಿಗೆ ಸುಮಾರು 10 ಕೋಟಿ ಸಲ ಕಂಪಿಸುತ್ತದೆ. ವೈಫೈ ಅಲೆಗೆ ಇನ್ನೂ ಅವಸರ. ಒಂದು ಬಗೆಯದು ಸೆಕೆಂಡಿಗೆ ಸುಮಾರು 240 ಕೋಟಿ ಸಲ, ಇನ್ನೊಂದು ಬಗೆಯದು 500 ಕೋಟಿಗೂ ಹೆಚ್ಚು ಸಲ ಕಂಪಿಸುತ್ತದೆ. ಎಫ್‌ಎಂ ಅಲೆಯ ಒಂದು ಉಬ್ಬಿನಿಂದ ಮುಂದಿನ ಉಬ್ಬಿಗೆ ಸುಮಾರು 3 ಮೀಟರ್ ದೂರ. 240 ಕೋಟಿಯ ವೈಫೈ ಅಲೆಯಲ್ಲಿ ಅದು 12 ಸೆಂಟಿಮೀಟರಿಗಿಂತ ಸ್ವಲ್ಪವೇ ಹೆಚ್ಚು. ನಿಮ್ಮ ಕಂಪಾಸ್ ಪೆಟ್ಟಿಗೆಯ ಸ್ಕೇಲನ್ನು ತೆಗೆದು ಅಷ್ಟುದ್ದ ಗೆರೆ ಎಳೆದು ನೋಡಿ. ಕಾಣದ ಅಲೆಯ ಅಳತೆ ಆಗ ನಿಮ್ಮ ಕಣ್ಣೆದುರಿಗೇ ಇರುತ್ತದೆ.

ಈ ಅಲೆಗಳು ಗೋಡೆಯನ್ನೂ ದಾಟಿ ಹೋಗುತ್ತವೆ. 1890ರ ದಶಕದಲ್ಲೇ ಕೋಲ್ಕತ್ತದಲ್ಲಿ ಜಗದೀಶ್ ಚಂದ್ರ ಬೋಸ್ ಎಂಬ ವಿಜ್ಞಾನಿ ಇದನ್ನು ಜನರ ಮುಂದೆ ಮಾಡಿ ತೋರಿಸಿದರು. ಅವರು ಕಳಿಸಿದ ಅಲೆಗಳು ಗೋಡೆಯ ಆಚೆ ಇದ್ದ ಗಂಟೆಯನ್ನು ಬಾರಿಸಿದವು. ಇಟ್ಟಿಗೆಯ ಗೋಡೆ ಅಲೆಯ ಬಲವನ್ನು ಸ್ವಲ್ಪ ಕುಗ್ಗಿಸುತ್ತದೆ, ಅಷ್ಟೆ. ನೀರು ಹೆಚ್ಚು ಹೀರಿಕೊಳ್ಳುತ್ತದೆ. ಕಬ್ಬಿಣದ ಬೀರುವಿನಂಥ ಲೋಹ ಅಲೆಯನ್ನು ಹಿಂದಕ್ಕೆ ಕಳಿಸಿಬಿಡುತ್ತದೆ.

ಇದನ್ನು ನೀವೇ ಪರೀಕ್ಷಿಸಬಹುದು. ನಿಮ್ಮ ಮನೆಯಲ್ಲೋ, ಶಾಲೆಯ ಕಂಪ್ಯೂಟರ್ ಕೋಣೆಯಲ್ಲೋ ವೈಫೈ ಇದ್ದರೆ, ದೊಡ್ಡವರ ಜೊತೆ ಮೊಬೈಲ್ ಹಿಡಿದು ನಿಧಾನವಾಗಿ ಓಡಾಡಿ. ತೆರೆಯ ಮೇಲೆ ಬೀಸಣಿಗೆಯ ಆಕಾರದ ಗುರುತು ಇದೆಯಲ್ಲ, ಅದರಲ್ಲಿ ಎಷ್ಟು ಗೆರೆ ತುಂಬಿವೆ ಎಂದು ಪ್ರತಿ ಕೋಣೆಯಲ್ಲೂ ಎಣಿಸಿ. ಬೀರುವಿನ ಹಿಂದೆ, ಬಚ್ಚಲಲ್ಲಿ, ಅಂಗಳದಲ್ಲಿ, ಗೇಟಿನ ಹೊರಗೆ ಎಲ್ಲ ಕಡೆ ನೋಡಿ. ಹಾಳೆಯ ಮೇಲೆ ಮನೆಯ ನಕ್ಷೆ ಬರೆದು ಅಲ್ಲಲ್ಲಿ ಆ ಅಂಕಿ ಗುರುತು ಹಾಕಿ. ಗೇಟಿನ ಹೊರಗೂ ಒಂದೆರಡು ಗೆರೆ ಉಳಿದಿದ್ದರೆ, ನಿಮ್ಮ ವೈಫೈ ಕೂಡ ಪಕ್ಕದ ಮನೆಗೆ ಹೋಗಿಬಂದಿದೆ ಎಂದೇ ಅರ್ಥ!

ಈಗ ಇದನ್ನು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳೋಣ. ನೀವು ಹಿತ್ತಲಲ್ಲಿ ನಿಂತು ‘ಪುಟ್ಟೀ, ಮನೆಗೆ ಬಾ’ ಎಂದು ತಂಗಿಯನ್ನು ಕೂಗುತ್ತೀರಿ. ನೀವು ಕರೆದದ್ದು ತಂಗಿಯನ್ನೇ. ಆದರೆ ಪಕ್ಕದ ಮನೆಯವರಿಗೂ ಅದು ಕೇಳಿಸುತ್ತದೆ. ದನಿಗೆ ಕಾಂಪೌಂಡಿನ ಲೆಕ್ಕವಿಲ್ಲ. ವೈಫೈ ಕೂಡ ಹೀಗೆ ಕೂಗಿ ಆಡುವ ಮಾತು. ರೂಟರ್ ಸೆಕೆಂಡಿಗೆ ಸುಮಾರು 10 ಸಲ ತನ್ನ ಹೆಸರನ್ನು ಕೂಗುತ್ತಲೇ ಇರುತ್ತದೆ. ಮೊಬೈಲಿನಲ್ಲಿ ನೀವು ಕಂಡ ಪಟ್ಟಿ ಆ ಕೂಗುಗಳದ್ದೇ. ಅದು ತನ್ನ ಹೆಸರು ಹೇಳಿದೆ, ಎಲ್ಲರೂ ಬನ್ನಿ ಎಂದು ಕರೆದಿಲ್ಲ.

ಮೊಬೈಲ್ ಕೂಡ ಸುಮ್ಮನಿರುವುದಿಲ್ಲ. ‘ನನಗೆ ಆ ಪಾಠ ಬೇಕು, ಈ ಚಿತ್ರ ಬೇಕು’ ಎಂದು ಅದೂ ಕೂಗಿಯೇ ಹೇಳುತ್ತದೆ. ಪ್ರತಿ ಮಾತಿನ ಮೊದಲಿಗೆ ಅದು ಯಾರಿಗೆ ಸೇರಿದ್ದು ಎಂಬ ಗುರುತು ಇರುತ್ತದೆ. ಉಳಿದ ಮೊಬೈಲುಗಳು ‘ಇದು ನನಗಲ್ಲ’ ಎಂದು ಬಿಟ್ಟುಬಿಡುತ್ತವೆ. ಆದರೆ ಯಾರಾದರೂ ಬೇಕೆಂದೇ ಕಿವಿಗೊಟ್ಟರೆ, ತನ್ನದಲ್ಲದ ಮಾತನ್ನೂ ಹಿಡಿದಿಡಬಲ್ಲ ತಂತ್ರಾಂಶಗಳಿವೆ.

ಹಾಗಾದರೆ ಗುಟ್ಟು ಉಳಿಸಿಕೊಳ್ಳುವುದು ಹೇಗೆ? ನೀವು ಗೆಳೆಯರೊಡನೆ ‘ಕ’ ಭಾಷೆ ಆಡಿದ್ದೀರಾ? ಪ್ರತಿ ಅಕ್ಷರದ ಮುಂದೆ ಒಂದು ‘ಕ’ ಸೇರಿಸಿದರಾಯಿತು. ‘ಮನೆಗೆ ಬಾ’ ಎನ್ನುವುದು ‘ಕಮಕನೆಕಗೆ ಕಬಾ’ ಆಗುತ್ತದೆ. ದನಿ ಎಲ್ಲರಿಗೂ ಕೇಳಿಸುತ್ತದೆ, ಅರ್ಥ ಮಾತ್ರ ಗುಟ್ಟು ಬಲ್ಲವರಿಗೇ ಆಗುತ್ತದೆ. ವೈಫೈಯ ಬೀಗ ಮಾಡುವುದೂ ಇದನ್ನೇ. ಅದು ಅಲೆಯನ್ನು ತಡೆಯುವುದಿಲ್ಲ, ಅಲೆಯೊಳಗಿನ ಮಾತನ್ನು ಗುಟ್ಟಿನ ಭಾಷೆಯಾಗಿಸುತ್ತದೆ. ಆ ಗುಟ್ಟು ಹುಟ್ಟುವುದು ಪಾಸ್‌ವರ್ಡಿನಿಂದ.

‘ಕ’ ಭಾಷೆಯನ್ನು ಜಾಣ ಅಕ್ಕ ಎರಡು ನಿಮಿಷ ಕೇಳಿದರೆ ಸಾಕು, ಗುಟ್ಟು ರಟ್ಟಾಗುತ್ತದೆ. ವೈಫೈಯ ಮೊದಲ ಬೀಗಕ್ಕೂ ಹಾಗೇ ಆಯಿತು. ಅದರ ಹೆಸರು ವೆಪ್. 2001ರಲ್ಲಿ ಸ್ಕಾಟ್ ಫ್ಲೂರರ್, ಇಟ್ಸಿಕ್ ಮಾಂಟಿನ್, ಆದಿ ಶಮೀರ್ ಎಂಬ ಮೂವರು ಅದರ ಗುಟ್ಟಿನ ಭಾಷೆಯಲ್ಲಿದ್ದ ದೋಷವನ್ನು ಕಂಡುಹಿಡಿದರು. ದೋಷ ತಿಳಿದದ್ದರಿಂದಲೇ ಗಟ್ಟಿ ಬೀಗಗಳು ಬಂದವು. 2004ರಲ್ಲಿ ಡಬ್ಲ್ಯುಪಿಎ2, 2018ರಲ್ಲಿ ಡಬ್ಲ್ಯುಪಿಎ3 ಬಂತು. ಇವುಗಳಲ್ಲಿ ಮೊಬೈಲ್ ಪ್ರತಿ ಸಲ ಸೇರಿಕೊಂಡಾಗಲೂ ರೂಟರಿನೊಡನೆ ಒಂದು ಹೊಸ ಗುಟ್ಟು ಮಾಡಿಕೊಳ್ಳುತ್ತದೆ.

ಬೀಗವಿಲ್ಲದ ಹಳೆಯ ಬಗೆಯ ವೈಫೈಯಲ್ಲಿ ಗುಟ್ಟಿನ ಭಾಷೆಯೇ ಇಲ್ಲ. ಬಿಚ್ಚುಮಾತಿನಲ್ಲೇ ಎಲ್ಲ ನಡೆಯುತ್ತದೆ. ಈಗ ಹೆಚ್ಚಿನ ಜಾಲತಾಣಗಳು ತಮ್ಮದೇ ಇನ್ನೊಂದು ಗುಟ್ಟಿನ ಭಾಷೆ ಇಟ್ಟುಕೊಂಡಿವೆ. ವಿಳಾಸದ ಮೊದಲಲ್ಲಿ ಎಚ್‌ಟಿಟಿಪಿಎಸ್ ಎಂದಿದ್ದರೆ ಅದೇ ಅದರ ಗುರುತು. ಆಗಲೂ ಮಾತಿನ ಒಳಗಿರುವುದು ಮುಚ್ಚಿರುತ್ತದೆಯೇ ಹೊರತು, ನೀವು ಯಾವ ತಾಣಕ್ಕೆ ಹೋದಿರಿ ಎಂಬುದು ಸಾಮಾನ್ಯವಾಗಿ ತಿಳಿಯುತ್ತದೆ. ಯಾರದೋ ವೈಫೈ ಬಳಸುವವರು ತಮ್ಮ ಗುಟ್ಟನ್ನೂ ಆ ದಾರಿಗೆ ಒಪ್ಪಿಸಿದ ಹಾಗಾಯಿತು.

ಇನ್ನು ಆ ಮನೆಯವರ ಕಡೆಯಿಂದ ನೋಡೋಣ. ಇಬ್ಬರು ಒಟ್ಟಿಗೆ ಕೂಗಿದರೆ ಯಾರ ಮಾತೂ ತಿಳಿಯುವುದಿಲ್ಲ. ಅದಕ್ಕೇ ವೈಫೈ ಉಪಕರಣಗಳು ಮೊದಲು ಕಿವಿಗೊಟ್ಟು, ಸದ್ದಿಲ್ಲವೆಂದು ಖಚಿತ ಮಾಡಿಕೊಂಡು, ಆಮೇಲೆ ಮಾತಾಡುತ್ತವೆ. ಎಷ್ಟು ಒಳ್ಳೆಯ ನಡತೆ, ನೋಡಿ! ಆದರೆ ನಾವು ಅವರ ವೈಫೈಯಲ್ಲಿ ಸಿನಿಮಾ ನೋಡುತ್ತಾ ಕುಳಿತರೆ ಅವರ ಸರದಿಯನ್ನು ನಾವು ತೆಗೆದುಕೊಂಡಂತೆ. ಆ ಮನೆಯ ಅಕ್ಕನ ಆನ್‌ಲೈನ್ ಪಾಠ ಆ ಹೊತ್ತಿಗೇ ನಿಂತು ನಿಂತು ಬರಬಹುದು. ತಿಂಗಳ ಹಣ ಕಟ್ಟುವವರು ಅವರು, ಕಾಯುವವರೂ ಅವರೇ.

ಇನ್ನೊಂದು ಮುಖ್ಯ ಸಂಗತಿ ಇದೆ. ಒಂದು ರೂಟರಿಗೆ ಎಷ್ಟು ಮೊಬೈಲ್ ಸೇರಿದ್ದರೂ ಹೊರಗಿನ ಇಂಟರ್ನೆಟ್ಟಿಗೆ ಸಾಮಾನ್ಯವಾಗಿ ಕಾಣುವುದು ಒಂದೇ ವಿಳಾಸ. ಮನೆಯೊಳಗೆ ಯಾರು ಏನು ಮಾಡಿದರೂ ಅದು ಆ ಮನೆಯ ಹೆಸರಿಗೇ ಹೋಗುತ್ತದೆ. 2008ರ ಜುಲೈನಲ್ಲಿ ಅಹಮದಾಬಾದಿನಲ್ಲಿ ಬಾಂಬ್ ಸ್ಫೋಟಗಳಾದವು. ಅದಕ್ಕೆ ಕೆಲವೇ ನಿಮಿಷ ಮೊದಲು ದುಷ್ಟರು ಒಂದು ಬೆದರಿಕೆಯ ಇಮೇಲ್ ಕಳಿಸಿದ್ದರು. ಪೊಲೀಸರು ಜಾಡು ಹಿಡಿದು ಹೋದಾಗ ಅದು ನವಿ ಮುಂಬಯಿಯ ಒಂದು ಮನೆಗೆ ಕರೆದೊಯ್ದಿತು. ಆ ಮನೆಯವರು ಅದನ್ನು ಕಳಿಸಿರಲಿಲ್ಲ. ಬೀಗವಿಲ್ಲದ ಅವರ ವೈಫೈಯನ್ನು ಯಾರೋ ಬಳಸಿಕೊಂಡಿದ್ದರು. ಏನೂ ಮಾಡದವರು ವಿಚಾರಣೆ ಎದುರಿಸಬೇಕಾಯಿತು. ಬೀಗದ ಬೆಲೆ ಏನೆಂದು ಆಗ ದೇಶಕ್ಕೇ ತಿಳಿಯಿತು.

ಒಡೆಯರ ಒಪ್ಪಿಗೆಯಿಲ್ಲದೆ ಅವರ ಕಂಪ್ಯೂಟರ್ ಜಾಲವನ್ನು ಬಳಸುವುದು ತಪ್ಪೆಂದು ನಮ್ಮ ದೇಶದ 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯ್ದೆಯೂ ಹೇಳುತ್ತದೆ. ಅಲೆ ನಮ್ಮ ಮನೆಯೊಳಗೆ ಬಂದದ್ದು ಅದರ ಸ್ವಭಾವ. ಅದನ್ನು ಬಳಸುವ ಒಪ್ಪಿಗೆ ಕೊಡಬೇಕಾದವರು ಆ ಮನೆಯವರು. ಈ ಎರಡೂ ಬೇರೆ ಬೇರೆ ಎಂದು ತಿಳಿದರೆ ನಮ್ಮ ಪ್ರಶ್ನೆಗೆ ಉತ್ತರ ಸಿಕ್ಕಿತು.

ಹಾಗಾದರೆ ಬೀಗವಿಲ್ಲದ ಹೆಸರು ಕಂಡಾಗ ಏನು ಮಾಡೋಣ? ಸೇರಿಕೊಳ್ಳುವುದು ಬೇಡ. ಅದು ಯಾರದೆಂದು ಗೊತ್ತಿದ್ದರೆ ಅಮ್ಮನನ್ನು ಕರೆದುಕೊಂಡು ಅವರ ಮನೆಗೆ ಹೋಗಿ, ‘ಆಂಟಿ, ನಿಮ್ಮ ವೈಫೈಗೆ ಪಾಸ್‌ವರ್ಡ್ ಇಲ್ಲ’ ಎಂದು ಹೇಳಿ. ಎಷ್ಟೋ ಜನರಿಗೆ ಅದು ತಿಳಿದೇ ಇರುವುದಿಲ್ಲ. ಪಾಸ್‌ವರ್ಡ್ ಕನಿಷ್ಠ 8 ಅಕ್ಷರದ್ದಿರಬೇಕು, ಉದ್ದವಾದಷ್ಟೂ ಒಳ್ಳೆಯದು. ಹೆಸರು, ಹುಟ್ಟಿದ ದಿನ, ಮೊಬೈಲ್ ನಂಬರ್ ಬೇಡ. ಒಂದಕ್ಕೊಂದು ನಂಟಿಲ್ಲದ ನಾಲ್ಕೈದು ಪದಗಳನ್ನು ಜೋಡಿಸಿದರೆ ನೆನಪಿಡುವುದೂ ಸುಲಭ, ಊಹಿಸುವುದೂ ಕಷ್ಟ. ಇದನ್ನೂ ಅವರಿಗೆ ಹೇಳಿಕೊಡಿ.

ಒಂದು ದಿನ ನಿಮಗೇ ಇಂಟರ್ನೆಟ್ ಬೇಕಾಗಬಹುದು. ಶಾಲೆಯ ಪ್ರಾಜೆಕ್ಟ್ ಇರುತ್ತದೆ, ಮನೆಯ ಡೇಟಾ ಮುಗಿದಿರುತ್ತದೆ. ಆಗ ಸಂಕೋಚವಿಲ್ಲದೆ ಅವರನ್ನೇ ಕೇಳಿ. ಅವರು ಪಾಸ್‌ವರ್ಡ್ ಹಾಕಿಕೊಟ್ಟರೆ ಕೆಲಸ ಮುಗಿಸಿ ಥ್ಯಾಂಕ್ಸ್ ಹೇಳಿ, ಬೇರೆ ಯಾರಿಗೂ ಆ ಗುಟ್ಟು ಬಿಟ್ಟುಕೊಡಬೇಡಿ. ಆಗ ಆ ವೈಫೈ ಗೋಡೆ ದಾಟಿ ನಿಮ್ಮ ಮನೆಗೆ ಬಂದದ್ದು ಅವರ ಒಪ್ಪಿಗೆಯಿಂದ.