ಕನಸಿಗೆ ಬಂದವರು: ಅಗಲಿದವರೊಡನೆ ಅರಿವಿನ ಭೇಟಿ



ಮನೆಯಲ್ಲೊಂದು ಸಾವು ಸಂಭವಿಸಿ, ಹದಿಮೂರನೆಯ ದಿನದ ಊಟವೂ ಮುಗಿದು, ನೆಂಟರಿಷ್ಟರೆಲ್ಲ ತಮ್ಮ ತಮ್ಮ ಊರಿಗೆ ಹೊರಟುಹೋದ ಮೇಲೆ ಮನೆಮಂದಿ ಪರಸ್ಪರ ಕೇಳಿಕೊಳ್ಳುವ ಪ್ರಶ್ನೆಯೊಂದಿದೆ: ‘ನಿನ್ನ ಕನಸಿಗೆ ಬಂದಿದ್ದರಾ?’ ಕನ್ನಡದ ಮಾತಿನ ರೀತಿಯೇ ಹಾಗೆ. ಕನಸು ತಾನಾಗಿ ಬೀಳುತ್ತದೆ. ಸತ್ತವರು ತಾವಾಗಿ ಕನಸಿಗೆ ಬರುತ್ತಾರೆ. ಬರುವುದು, ಬಿಡುವುದು ಅವರ ಇಚ್ಛೆ. ಮಲಗಿದವರ ಕೈಯಲ್ಲಿ ಏನೂ ಇಲ್ಲ.

ಆದರೆ ಮಲಗಿದವರ ಕೈಯಲ್ಲೂ ಅಷ್ಟಿಷ್ಟು ಹಿಡಿತ ಇರುವಂತಹ ಒಂದು ಬಗೆಯ ಕನಸಿದೆ. ಅದರಲ್ಲಿ, ತಾನು ಮಲಗಿದ್ದೇನೆ, ಕಾಣುತ್ತಿರುವುದು ಕನಸು ಎಂಬ ಸಂಗತಿ ಕನಸಿನೊಳಗೇ ಗೊತ್ತಾಗಿಬಿಡುತ್ತದೆ. ಎದುರಿಗೆ ನಿಂತಿರುವ ತಂದೆ ಮೂರು ವರ್ಷದ ಹಿಂದೆಯೇ ತೀರಿಕೊಂಡವರು ಎಂಬುದೂ ನೆನಪಿರುತ್ತದೆ. ಇಂಗ್ಲಿಷಿನಲ್ಲಿ ಇದನ್ನು ಲ್ಯೂಸಿಡ್ ಡ್ರೀಮ್ ಎನ್ನುತ್ತಾರೆ. ಕನ್ನಡದಲ್ಲಿ ‘ಅರಿವಿನ ಕನಸು’ ಎಂದು ಕರೆಯಬಹುದು. ಇದು ತೀರಾ ಅಪರೂಪದ ಸಿದ್ಧಿಯೇನೂ ಅಲ್ಲ. ಅರ್ಧ ಶತಮಾನದ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರ ಪ್ರಕಾರ ಸುಮಾರು ಶೇ. 55ರಷ್ಟು ಜನರಿಗೆ ಜೀವನದಲ್ಲಿ ಒಮ್ಮೆಯಾದರೂ ಇಂತಹ ಕನಸು ಬಿದ್ದಿರುತ್ತದೆ.

ಪ್ರಶ್ನೆ ಇಷ್ಟೇ: ಕನಸೆಂದು ತಿಳಿದೂ ಅಗಲಿದವರನ್ನು ಭೇಟಿಯಾದರೆ, ಆ ಭೇಟಿಗೆ ಬೆಲೆ ಏನು?

ಮೊದಲು ಸಾಮಾನ್ಯ ಕನಸಿನ ಮಾತು. ಅಮೆರಿಕದ ಮನೋವಿಜ್ಞಾನಿ ಡಿಯರ್ಡ್ರೆ ಬ್ಯಾರೆಟ್ 1992ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಸತ್ತವರು ಕಾಣಿಸಿಕೊಳ್ಳುವ ಕನಸುಗಳನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಸತ್ತವರು ಬದುಕಿ ಬಂದಂತಹ ಕನಸು, ಬುದ್ಧಿವಾದ ಹೇಳುವ ಕನಸು, ಬೀಳ್ಕೊಡುಗೆಯ ಕನಸು, ಸಾವೆಂದರೇನು ಎಂದು ಚರ್ಚಿಸುವ ಕನಸು. ಇವುಗಳಲ್ಲಿ ಮೊದಲನೆಯದು ಎಲ್ಲರಿಗೂ ಪರಿಚಿತ. ಅಮ್ಮ ಅಡುಗೆಮನೆಯಲ್ಲಿ ಎಂದಿನಂತೆ ಓಡಾಡುತ್ತಿರುತ್ತಾಳೆ, ಯಾರಿಗೂ ಅದು ವಿಚಿತ್ರ ಎನಿಸುವುದಿಲ್ಲ. ಎಚ್ಚರವಾದ ಮೇಲೆ ಮಾತ್ರ ಅವಳು ಇನ್ನೊಮ್ಮೆ ಸಾಯುತ್ತಾಳೆ.

ಹೀಗಾಗುವುದಕ್ಕೆ ಕಾರಣ ಮಿದುಳಿನಲ್ಲಿದೆ. ಕಣ್ಣುಗುಡ್ಡೆಗಳು ಮುಚ್ಚಿದ ರೆಪ್ಪೆಯೊಳಗೇ ಚುರುಕಾಗಿ ಓಡಾಡುವ ರೆಮ್ ನಿದ್ರೆಯಲ್ಲಿ ಕನಸುಗಳು ದಟ್ಟವಾಗಿರುತ್ತವೆ. ಆಗ ಭಾವನೆ ಮತ್ತು ದೃಶ್ಯಗಳಿಗೆ ಸಂಬಂಧಿಸಿದ ಭಾಗಗಳು ಚಟುವಟಿಕೆಯಿಂದಿರುತ್ತವೆ. ಆದರೆ ‘ಇದು ಸಾಧ್ಯವೆ?’ ಎಂದು ಪರಿಶೀಲಿಸುವ ಮುಂಭಾಗದ ಕೆಲವು ಪ್ರದೇಶಗಳು ಮಂದವಾಗಿರುತ್ತವೆ. ಅರಿವಿನ ಕನಸಿನಲ್ಲಿ ನಿದ್ರೆ ಕೆಡದೆಯೇ ಈ ಪರಿಶೀಲನೆಯ ಶಕ್ತಿ ಒಂದಿಷ್ಟು ಮರಳುತ್ತದೆ.

ಲ್ಯೂಸಿಡ್ ಡ್ರೀಮ್ ಎಂಬ ಹೆಸರನ್ನು ಬಳಕೆಗೆ ತಂದವನು ಹಾಲೆಂಡಿನ ಫ್ರೆಡರಿಕ್ ವಾನ್ ಏಡನ್. 1860ರಲ್ಲಿ ಹುಟ್ಟಿದ ಈತ ವೈದ್ಯ, ಕಾದಂಬರಿಕಾರ, ಸಮಾಜ ಸುಧಾರಕ. 1887ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಸಹೋದ್ಯೋಗಿಯೊಬ್ಬರ ಜತೆ ಮನೋಚಿಕಿತ್ಸಾಲಯ ತೆರೆದ. 1898ರಲ್ಲಿ ಬುಸ್ಸುಂ ಎಂಬ ಊರಿನ ಬಳಿ ಎಲ್ಲರೂ ದುಡಿದು ಎಲ್ಲರೂ ಹಂಚಿಕೊಂಡು ಉಣ್ಣುವ ‘ವಾಲ್ಡನ್’ ಎಂಬ ಸಮುದಾಯ ಕಟ್ಟಿದ. ರವೀಂದ್ರನಾಥ ಠಾಕೂರರ ಗೀತಾಂಜಲಿಯನ್ನು ಡಚ್ ಭಾಷೆಗೆ ತಂದವನೂ ಈತನೇ.

ಕನಸಿನ ವಿಷಯದಲ್ಲಿ ಆತ ಲೆಕ್ಕಪತ್ರದ ಮನುಷ್ಯ. 1896ರಿಂದ ಕನಸುಗಳ ದಿನಚರಿ ಇಟ್ಟ. 1898ರ ಜನವರಿ 20ರಿಂದ 1912ರ ಡಿಸೆಂಬರ್ 26ರವರೆಗೆ ತನಗೆ ಬಿದ್ದ ಅರಿವಿನ ಕನಸುಗಳು 352 ಎಂದು ಎಣಿಸಿದ. ಅವೆಲ್ಲವೂ ಬೆಳಗಿನ 5ರಿಂದ 8 ಗಂಟೆಯೊಳಗೆ ಬಿದ್ದವು ಎಂದು ಬರೆದ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂಬ ಮಾತನ್ನು ಕೇಳುತ್ತಲೇ ಬೆಳೆದವರಿಗೆ ಇದು ಕುತೂಹಲದ ಸಂಗತಿ. ನಿದ್ರಾವಿಜ್ಞಾನದ ವಿವರಣೆ ಸರಳ: ರಾತ್ರಿ ಕಳೆದಂತೆ ರೆಮ್ ನಿದ್ರೆಯ ಅವಧಿಗಳು ಉದ್ದವಾಗುತ್ತ ಹೋಗುತ್ತವೆ. ಬೆಳಗಿನ ಜಾವದಲ್ಲಿ ಕನಸೂ ಹೆಚ್ಚು, ಎಚ್ಚರಕ್ಕೆ ಹತ್ತಿರವಾದ್ದರಿಂದ ನೆನಪೂ ಹೆಚ್ಚು.

1913ರ ಏಪ್ರಿಲ್ 22ರಂದು ಲಂಡನ್ನಿನ ಸೊಸೈಟಿ ಫಾರ್ ಸೈಕಿಕಲ್ ರಿಸರ್ಚ್ ಎಂಬ ಸಂಸ್ಥೆಯ ಸಭೆಯಲ್ಲಿ ವಾನ್ ಏಡನ್‌ನ ಪ್ರಬಂಧ ಓದಲ್ಪಟ್ಟಿತು. ಅದರಲ್ಲೊಂದು ಕನಸಿನ ವಿವರವಿದೆ. 1903ರ ಮೇ ತಿಂಗಳು. ಕನಸಿನಲ್ಲಿ ಆತ ಹಾಲೆಂಡಿನ ಸಣ್ಣ ಪಟ್ಟಣವೊಂದರಲ್ಲಿದ್ದಾನೆ. ಸ್ವಲ್ಪ ಕಾಲದ ಹಿಂದೆ ತೀರಿಕೊಂಡಿದ್ದ ಭಾವಮೈದುನ ಎದುರಾಗುತ್ತಾನೆ. ಇವನು ಅವನೇ ಎಂದು ಖಚಿತ, ಅವನು ಸತ್ತಿದ್ದಾನೆ ಎಂದೂ ಖಚಿತ. ಇಬ್ಬರ ನಡುವೆ ಬದುಕಿದ್ದಾಗ ಎಂದೂ ಇಲ್ಲದಷ್ಟು ಆತ್ಮೀಯತೆ. ನಿನಗೆ ಹಣದ ವಿಪತ್ತು ಕಾದಿದೆ, ಯಾರೋ 10,000 ಗಿಲ್ಡರ್ ಅಪಹರಿಸಲಿದ್ದಾರೆ ಎಂದು ಆ ಭಾವಮೈದುನ ಎಚ್ಚರಿಸುತ್ತಾನೆ. ಕೊನೆಗೆ ವಾನ್ ಏಡನ್ ಕೇಳಬೇಕಾದ ಪ್ರಶ್ನೆಯನ್ನೇ ಕೇಳುತ್ತಾನೆ: ಸಾವಿನ ಆಚೆ ಏನಿದೆ, ಹೇಳು. ಉತ್ತರಿಸಲು ಅವನು ಬಾಯಿ ತೆರೆಯುವಷ್ಟರಲ್ಲಿ ಎಚ್ಚರವಾಗಿಬಿಡುತ್ತದೆ, ಯಾರೋ ತಂತಿ ಕತ್ತರಿಸಿದ ಹಾಗೆ.

ಮುಂದೆ ವಾನ್ ಏಡನ್ ಹಣ ಕಳೆದುಕೊಂಡದ್ದು ನಿಜ. ಕನಸಿನಲ್ಲಿ ಕೇಳಿದ್ದಕ್ಕಿಂತ ಇಪ್ಪತ್ತು ಪಟ್ಟು ಹೆಚ್ಚು ಹೋಯಿತು. ಕನಸು ಬಿದ್ದಾಗ ಆ ಹಣ ತನ್ನ ಕೈಯಲ್ಲಿ ಇರಲೂ ಇಲ್ಲ ಎಂದು ಆತ ಹೇಳಿಕೊಂಡಿದ್ದಾನೆ. ಆದ್ದರಿಂದ ಇದನ್ನು ಭವಿಷ್ಯವಾಣಿ ಎಂದೇ ನಂಬಿದ. ಆದರೆ ಸಾಕ್ಷ್ಯವನ್ನು ಆತನೇ ಮುಂದಿಟ್ಟಿದ್ದಾನೆ. 1903ರಲ್ಲಿ ಹಾಲೆಂಡ್ ರೈಲ್ವೆ ಮುಷ್ಕರಗಳಿಂದ ತತ್ತರಿಸಿತ್ತು. ಅವು ನಡೆದದ್ದು ಆ ವರ್ಷದ ಜನವರಿ ಮತ್ತು ಏಪ್ರಿಲ್‌ನಲ್ಲಿ. ತನ್ನ ದಿವಾಳಿಗೆ ನಾಂದಿಯಾದದ್ದು ಈ ಮುಷ್ಕರದ ಘಟನೆಗಳೇ ಎಂದು ಆತ ಬರೆದಿದ್ದಾನೆ. ಅಂದರೆ ಕನಸು ಬೀಳುವ ಹೊತ್ತಿಗೆ ಆತ ಜಾರುದಾರಿಯಲ್ಲಿ ಕಾಲಿಟ್ಟಾಗಿತ್ತು. ಹಗಲು ಒಪ್ಪಿಕೊಳ್ಳಲಾಗದ ಆತಂಕವೊಂದು ರಾತ್ರಿ ಭಾವಮೈದುನನ ಬಾಯಿಂದ ಹೊರಟಿರಬಹುದು. ವಾಲ್ಡನ್ ಸಮುದಾಯ 1907ರಲ್ಲಿ ಮುಳುಗಿತು. 352 ಕನಸುಗಳಲ್ಲಿ ಇಷ್ಟು ಗಾಢವಾಗಿ ಬಂದ ಭವಿಷ್ಯವಾಣಿ ಇದೊಂದೇ ಎಂದು ಆತನೇ ದಾಖಲಿಸಿರುವುದನ್ನೂ ಮರೆಯುವಂತಿಲ್ಲ.

ಇದೇ ವಾನ್ ಏಡನ್ ಕನಸಿನ ಜಗತ್ತನ್ನು ಪರೀಕ್ಷೆಗೂ ಒಡ್ಡಿದ. 1904ರ ಸೆಪ್ಟೆಂಬರಿನ ಒಂದು ಅರಿವಿನ ಕನಸಿನಲ್ಲಿ ಮೇಜಿನ ಮೇಲಿದ್ದ ಗಾಜಿನ ಲೋಟವನ್ನು ಮುಷ್ಟಿಯಿಂದ ಗುದ್ದಿದ. ಅದು ಒಡೆಯಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಒಡೆದಿತ್ತು! ರಂಗದ ಮೇಲೆ ಸರಿಯಾದ ಕ್ಷಣಕ್ಕೆ ಬಾರದೆ ತಡವಾಗಿ ನುಗ್ಗಿದ ನಟನಂತೆ ಲೋಟ ನಡೆದುಕೊಂಡಿತು. ಜಾಣತನದಿಂದ ನಕಲು ಮಾಡಿದ, ಆದರೆ ಅಲ್ಲಲ್ಲಿ ಎಡವಟ್ಟಾಗಿರುವ ಜಗತ್ತು ಇದು ಎಂದು ಆತನಿಗೆ ಅನ್ನಿಸಿತು. ಲೋಟ ನಕಲಿಯಾದರೆ ಪಕ್ಕದಲ್ಲಿ ನಿಂತ ಭಾವಮೈದುನ ಮಾತ್ರ ಅಸಲಿ ಹೇಗಾದಾನು? ಈ ಪ್ರಶ್ನೆಯನ್ನು ಆತ ಕೊನೆಯವರೆಗೂ ಒತ್ತಿ ಕೇಳಲಿಲ್ಲ.

ಕನಸಿನ ಆಧಾರದ ಮೇಲೆ ಪರಲೋಕವನ್ನು ಸಾಧಿಸುವ ಪ್ರಯತ್ನ ಹಳೆಯದು. ಬೃಹದಾರಣ್ಯಕ ಉಪನಿಷತ್ತು ಕನಸನ್ನು ಸಂಧ್ಯಾಸ್ಥಾನ ಎನ್ನುತ್ತದೆ. ಅಲ್ಲಿ ನಿಂತವನಿಗೆ ಈ ಲೋಕವೂ ಆ ಲೋಕವೂ ಕಾಣುತ್ತವೆ ಎಂಬುದು ಅದರ ಭಾವ. ಉತ್ತರ ಆಫ್ರಿಕದ ಕ್ರೈಸ್ತ ಸಂತ ಅಗಸ್ಟೀನ್ ಕ್ರಿ.ಶ. 415ರ ಸುಮಾರಿನ ಪತ್ರವೊಂದರಲ್ಲಿ ಗೆನಾಡಿಯಸ್ ಎಂಬ ವೈದ್ಯನ ಕಥೆ ಹೇಳುತ್ತಾನೆ. ಸತ್ತ ಮೇಲೆ ಬದುಕಿದೆಯೆ ಎಂದು ಗೆನಾಡಿಯಸ್‌ಗೆ ಸಂಶಯ. ಕನಸಿನಲ್ಲಿ ಬಂದ ತರುಣನೊಬ್ಬ ಕೇಳುತ್ತಾನೆ: ನಿನ್ನ ಮೈ ಈಗ ಎಲ್ಲಿದೆ? ಹಾಸಿಗೆಯಲ್ಲಿ. ಕಣ್ಣು? ಮುಚ್ಚಿದೆ. ಹಾಗಾದರೆ ನನ್ನನ್ನು ಯಾವ ಕಣ್ಣಿನಿಂದ ನೋಡುತ್ತಿದ್ದೀಯೆ? ವೈದ್ಯ ನಿರುತ್ತರನಾಗುತ್ತಾನೆ. ಮೈ ಸತ್ತ ಮೇಲೂ ಹೀಗೆಯೇ ನೋಡುತ್ತೀಯೆ ಎಂದು ತರುಣ ತೀರ್ಮಾನ ಕೊಡುತ್ತಾನೆ. ವಾದ ಚತುರವಾಗಿದೆ. ಆದರೆ ಮುಚ್ಚಿದ ಕಣ್ಣಿನ ಹಿಂದೆ ಬದುಕಿರುವ ಮಿದುಳೊಂದು ಕೆಲಸ ಮಾಡುತ್ತಿದೆ ಎಂಬುದನ್ನು ಅದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಆ ಮಿದುಳಿನ ಸಾಕ್ಷ್ಯ ಸಿಕ್ಕಿದ್ದು 1975ರ ಏಪ್ರಿಲ್ 12ರಂದು. ರೆಮ್ ನಿದ್ರೆಯಲ್ಲಿ ಮೈಯ ಸ್ನಾಯುಗಳೆಲ್ಲ ಹೆಚ್ಚೂಕಡಿಮೆ ಸ್ತಬ್ಧವಾಗಿದ್ದರೂ ಕಣ್ಣುಗಳಿಗೆ ಆ ಕಟ್ಟು ಇಲ್ಲ. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ ಕೀತ್ ಹರ್ನ್ ಎಂಬ ಸಂಶೋಧಕ ಇದನ್ನೇ ಬಳಸಿಕೊಂಡರು. ಅಲನ್ ವರ್ಸ್ಲಿ ಎಂಬಾತ ಕನಸಿನೊಳಗಿಂದಲೇ, ಮೊದಲೇ ಗೊತ್ತು ಮಾಡಿಕೊಂಡಂತೆ, ಕಣ್ಣನ್ನು ಎಡಕ್ಕೂ ಬಲಕ್ಕೂ ಹೊರಳಿಸಿ ಸಂಜ್ಞೆ ಕೊಟ್ಟರು. ಯಂತ್ರ ಅದನ್ನು ಕಾಗದದ ಮೇಲೆ ಗೀಚಿತು. ಸ್ಟ್ಯಾನ್‌ಫರ್ಡ್‌ನಲ್ಲಿ ಸ್ಟೀಫನ್ ಲಾಬರ್ಜ್ ಸ್ವತಂತ್ರವಾಗಿ ಇದನ್ನೇ ಸಾಧಿಸಿದರು. 2021ರಲ್ಲಿ ನಾಲ್ಕು ದೇಶಗಳ ವಿಜ್ಞಾನಿಗಳು 36 ಜನರ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಎಂಟರಲ್ಲಿ ಆರು ಕಳೆದರೆ ಎಷ್ಟು ಎಂದು ಹೊರಗಿನಿಂದ ಕೇಳಿದಾಗ, ನಿದ್ರಿಸುತ್ತಿದ್ದ ವ್ಯಕ್ತಿಯೊಬ್ಬರು ಕಣ್ಣಿನ ಸಂಜ್ಞೆಯಿಂದಲೇ ಎರಡು ಎಂದರು.

ಕನಸು ಕಾಣುವವರ ಲೆಕ್ಕ ಸರಿ ಬಂತು. ಕನಸಿನೊಳಗೆ ಎದುರಾಗುವ ವ್ಯಕ್ತಿಗಳ ಲೆಕ್ಕ? ಜರ್ಮನಿಯ ಪಾಲ್ ಥೋಲೆ ಇದನ್ನೇ ಪರೀಕ್ಷಿಸಿದರು. ಅರಿವಿನ ಕನಸು ಬೀಳುವವರಿಗೆ, ಎದುರಿಗೆ ಬಂದವರಿಂದ ಚಿತ್ರ ಬಿಡಿಸಿ, ಪ್ರಾಸ ಹೇಳಿಸಿ, ಲೆಕ್ಕ ಮಾಡಿಸಿ ಎಂದು ಸೂಚಿಸಿದರು. ಕನಸಿನ ವ್ಯಕ್ತಿಗಳು ಮಾತಿನಲ್ಲಿ, ಚಿತ್ರದಲ್ಲಿ ಗಟ್ಟಿಗರಾಗಿಯೂ ಗಣಿತದಲ್ಲಿ ದುರ್ಬಲರಾಗಿ ಕಂಡರು. 2011ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲೂ ಅವರು ಕೊಟ್ಟ ಹೆಚ್ಚಿನ ಉತ್ತರಗಳು ತಪ್ಪಾಗಿದ್ದವು. ಗಂಡನ ಮುಖ ಕೆತ್ತಿಟ್ಟಂತೆ ಕಂಡೀತು, ಧ್ವನಿ, ನಗು, ಕೆಮ್ಮು ಕೂಡ ಅವನದೇ ಆಗಿದ್ದೀತು. ಆದರೆ ಅವನು ತನ್ನದೇ ಲೋಕದಿಂದ ಸುದ್ದಿ ತಂದಿದ್ದಾನೆ ಎನ್ನಲು ಪ್ರಯೋಗಾಲಯದಲ್ಲಿ ಈವರೆಗೆ ಆಧಾರ ದೊರೆತಿಲ್ಲ. ಅವನ ರೂಪವನ್ನು ಕಟ್ಟಿಕೊಡುವುದು ನೆನಪು. ವರ್ಷಗಟ್ಟಲೆ ಒಂದೇ ಸೂರಿನಡಿ ಬಾಳಿದವರ ವಿಷಯದಲ್ಲಿ ಆ ನೆನಪು ಸಣ್ಣ ಭಂಡಾರವಲ್ಲ.

ಹಾಗಾದರೆ ಇಂತಹ ಭೇಟಿ ವ್ಯರ್ಥವೆ? ಇಲ್ಲಿ ಅವಸರದ ತೀರ್ಪು ಸಲ್ಲದು. ಸಾವಿನ ಮನೆಯ ದುಃಖದಲ್ಲಿ ಅಗಲಿಕೆಯ ನೋವಿನ ಜತೆಗೆ ಇನ್ನೊಂದು ಭಾರವಿರುತ್ತದೆ: ಹೇಳದೆ ಉಳಿದ ಮಾತು. ಆಸ್ಪತ್ರೆಗೆ ತಲುಪುವಷ್ಟರಲ್ಲಿ ಪ್ರಾಣ ಹೋಗಿತ್ತು. ದೂರದೂರಿನ ಮಗನಿಗೆ ರೈಲು ಸಿಗಲಿಲ್ಲ. ಕೋವಿಡ್ ಬಂದ 2020 ಮತ್ತು 2021ರಲ್ಲಿ ಎಷ್ಟೋ ಮಂದಿಗೆ ಕೊನೆಯ ಮುಖದರ್ಶನವೂ ಆಗಲಿಲ್ಲ. ಸಾಮಾನ್ಯ ಕನಸಿನಲ್ಲಿ ಈ ಬಾಕಿ ತೀರುವುದು ಕಷ್ಟ. ಏಕೆಂದರೆ ಅಲ್ಲಿ ಅನೇಕ ಸಲ ಸತ್ತದ್ದೇ ನೆನಪಿರುವುದಿಲ್ಲ. ಬದುಕಿರುವವರಿಗೆ ಯಾರೂ ವಿದಾಯ ಹೇಳುವುದಿಲ್ಲ. ಅರಿವಿನ ಕನಸಿನಲ್ಲಿ ಸಾವು ನೆನಪಿರುತ್ತದೆ, ಎದುರಿಗೆ ಮುಖವೂ ಇರುತ್ತದೆ. ‘ತಪ್ಪಾಯಿತು’, ‘ಹೋಗಿ ಬಾ’ ಎನ್ನುವುದಕ್ಕೆ ಈ ಎರಡೂ ಒಟ್ಟಿಗೆ ಬೇಕು. ಆ ಮಾತನ್ನು ಕೇಳಿಸಿಕೊಂಡವರು ಯಾರು ಎಂಬ ಬಗ್ಗೆ ವಾದ ಇರಬಹುದು. ಆಡಿದವರು ಯಾರು ಎಂಬುದರಲ್ಲಿ ಸಂಶಯವಿಲ್ಲ, ಆಡಿದವರ ಎದೆ ಹಗುರವಾದರೆ ಅದೂ ಸುಳ್ಳಲ್ಲ.

ಆದರೂ ಎಚ್ಚರಿಕೆಯ ಎರಡು ಮಾತು ಅಗತ್ಯ. ಅರಿವಿನ ಕನಸನ್ನು ಬರಿಸಿಕೊಳ್ಳುವ ವಿಧಾನಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಐದಾರು ಗಂಟೆ ಮಲಗಿ, ಎದ್ದು, ಕೆಲ ಹೊತ್ತು ಎಚ್ಚರವಿದ್ದು, ‘ಕನಸೆಂದು ಗುರುತಿಸುತ್ತೇನೆ’ ಎಂದು ಸಂಕಲ್ಪಿಸಿ ಮತ್ತೆ ಮಲಗುವುದು. ದುಃಖದಿಂದ ಮೊದಲೇ ನಿದ್ದೆಗೆಟ್ಟವರಿಗೆ ದಿನವೂ ಇದು ಒಳ್ಳೆಯದಲ್ಲ. ಎರಡನೆಯದಾಗಿ, ಸಂಕಲ್ಪಿಸಿದವರೇ ಬಂದಾರೆಂಬ ಭರವಸೆಯಿಲ್ಲ. ‘ನನ್ನ ಕನಸಿಗೆ ಮಾತ್ರ ಬರಲಿಲ್ಲ, ನನ್ನ ಮೇಲೆ ಕೋಪವೇನೋ’ ಎಂದು ಕೊರಗುವವರು ಪ್ರತಿ ಮನೆಯಲ್ಲೂ ಇದ್ದಾರೆ. ಬಾರದಿರುವುದು ಮುನಿಸಲ್ಲ; ಬಹುಪಾಲು ಕನಸುಗಳು ಎಚ್ಚರಾಗುವಷ್ಟರಲ್ಲಿ ಮರೆತುಹೋಗಿರುತ್ತವೆ. ವರ್ಷ ಕಳೆದರೂ ದಿನನಿತ್ಯದ ಬದುಕೇ ನಡೆಯದಷ್ಟು ದುಃಖ ಉಳಿದರೆ ಕನಸಿಗೆ ಕಾಯದೆ ಮನೋವೈದ್ಯರನ್ನು ಕಾಣುವುದು ಸರಿಯಾದ ದಾರಿ.

ವಾನ್ ಏಡನ್‌ನ ಬದುಕಿನಲ್ಲಿ 1913ಕ್ಕೆ ಇನ್ನೊಂದು ಮುಖವಿದೆ. ಅರಿವಿನ ಕನಸಿಗೆ ಆತ ಹೆಸರಿಟ್ಟ ಆ ವರ್ಷವೇ ಆತನ ಮಗ ಪಾಲ್ ಎಳೆಯ ವಯಸ್ಸಿನಲ್ಲಿ ಕ್ಷಯದಿಂದ ತೀರಿಕೊಂಡ. ತಂದೆ ಆ ಅಗಲಿಕೆಯ ಬಗ್ಗೆ ಅದೇ ವರ್ಷ ಒಂದು ಪುಸ್ತಕ ಬರೆದ. ಅದಕ್ಕಿಟ್ಟ ಹೆಸರು ‘ಪಾಲ್‌ನ ಎಚ್ಚರ’ ಎಂಬ ಅರ್ಥ ಕೊಡುತ್ತದೆ. ಹದಿನೈದು ವರ್ಷ ಕನಸಿನ ಲೆಕ್ಕ ಬರೆದ ಮನುಷ್ಯ ತನ್ನ ಮಗನ ಸಾವಿಗೆ ‘ಎಚ್ಚರ’ ಎಂದು ಕರೆದ. ಅದು ವಿಜ್ಞಾನಿಯ ಪದವಲ್ಲ, ತಂದೆಯ ಪದ.

ಸತ್ತ ಮೇಲೆ ಏನಿದೆ ಎಂಬ ಆತನ ಪ್ರಶ್ನೆಗೆ 1903ರ ಕನಸಿನಲ್ಲಿ ಉತ್ತರ ಬರಲಿಲ್ಲ. ಭಾವಮೈದುನನ ಜತೆ ಆ ಹೊತ್ತು ಆಡಿದ ಆತ್ಮೀಯ ಮಾತು ಮಾತ್ರ ಹತ್ತು ವರ್ಷ ಕಳೆದರೂ ಅಳಿಸಿರಲಿಲ್ಲ. ಮುಂದೊಂದು ಬೆಳಗಿನ ಜಾವ ಯಾರಿಗಾದರೂ ತಮ್ಮವರು ಎದುರಾದರೆ, ಅದು ಕನಸೆಂದು ಹೊಳೆದೂ ಹೋದರೆ, ಆಚೆಯ ಲೋಕದ ವಿಚಾರಣೆಯಲ್ಲಿ ಸಮಯ ಕಳೆಯದಿರುವುದು ಲೇಸು. ಇರುವುದು ಕೆಲವೇ ನಿಮಿಷ. ಹೇಳದೆ ಉಳಿದಿದ್ದನ್ನು ಮೊದಲು ಹೇಳಿಬಿಡಬೇಕು.