ಪುಸ್ತಕ ಹಿಡಿಯಲು ಇಬ್ಬರು ಮಕ್ಕಳು ಬೇಕು



ಕೊಯಮತ್ತೂರಿನ ಈ ವೇದಿಕೆಯಲ್ಲಿ ನಮ್ಮ ಸಂಘದ ನಾಟಕ ಈಗಷ್ಟೇ ಮುಗಿಯಿತು. ಪಾತ್ರಧಾರಿಗಳಿಗೆ ಹಾರ ಬಿತ್ತು. ಪರದೆ ಎಳೆದವರು ಮಾತ್ರ ಇನ್ನೂ ಒಳಗೆ ಹಗ್ಗ ಸುತ್ತುತ್ತಿದ್ದಾರೆ. ದಿಂಬಂ ಘಟ್ಟದಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧವಿದೆ ಎಂದು ಹಿಂದಿನ ದಿನವೇ ಘಟ್ಟ ಹತ್ತಿ ಹೋಗಿ, ಆ 27 ತಿರುವುಗಳಲ್ಲಿ ಹಗಲಿನಲ್ಲೇ ಸೀನರಿ ಇಳಿಸಿಕೊಂಡು ಬಂದವರು ಅವರೇ. ನನ್ನ ನಾಲ್ಕು ಮಾತು ಅವರ ಬಗ್ಗೆ.

ನನ್ನೂರು ಸಂತೆಮರಹಳ್ಳಿ. ನಮ್ಮ ಕಡೆ ‘ಕುರುಕ್ಷೇತ್ರ’ ಆಡಿಸುವುದೆಂದರೆ ಊರಿಗೆ ಊರೇ ಸೇರಿ ಮಾಡುವ ಕೆಲಸ. ಹಗಲೆಲ್ಲ ಹೊಲದಲ್ಲಿ ದುಡಿದವರು ರಾತ್ರಿ ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ತಾಲೀಮು ಮಾಡುತ್ತಾರೆ. ದುರ್ಯೋಧನನ ಪಾತ್ರ ಬೇಕೆಂದರೆ ಕೈಯಿಂದ ದುಡ್ಡು ಕಟ್ಟಬೇಕು. ಕಂಬ ನೆಡಲು, ಜನರೇಟರಿಗೆ ಡೀಸೆಲ್ ತರಲು, ಬಣ್ಣ ಹಚ್ಚಿಸಿಕೊಂಡು ಕೂತವರಿಗೆ ನಡುರಾತ್ರಿ ಟೀ ಕಾಯಿಸಲು ಬರುವ ಹುಡುಗರು ಕೂಲಿಯ ಮಾತೆತ್ತುವುದಿಲ್ಲ.

ನಮ್ಮ ಸೋದರಮಾವ ಒಂದು ದಿನವೂ ಬಣ್ಣ ಹಚ್ಚಿದವರಲ್ಲ. ಪಕ್ಕದ ಪರದೆಯ ಮರೆಯಲ್ಲಿ ಪುಸ್ತಕ ಹಿಡಿದು ನಿಂತು ಮಾತು ಎತ್ತಿಕೊಡುತ್ತಿದ್ದರು. ಕರ್ಣ ಸುಮ್ಮನಾದರೆ, ದುಃಖಕ್ಕೆ ಸುಮ್ಮನಾದನೋ ಮಾತು ಮರೆತನೋ ಅವರಿಗೆ ಆ ಕ್ಷಣದಲ್ಲೇ ತಿಳಿಯಬೇಕು. ಬೇಗ ಕೊಟ್ಟರೆ ರಸಭಂಗ. ತಡವಾದರೆ ಸಭೆಯಲ್ಲಿ ಗುಸುಗುಸು. ಮಾವನ ಕಣ್ಣು ಸದಾ ಪಾತ್ರಧಾರಿಯ ಗಂಟಲ ಮೇಲೆ. ಮಾತು ಬರುವ ಮುಂಚೆ ಗಂಟಲು ಅಲುಗುತ್ತದೆ ಎನ್ನುತ್ತಿದ್ದರು. ಅಲುಗದಿದ್ದರೆ ಮೊದಲ ಪದವನ್ನಷ್ಟೇ ಕೊಡುವುದು. ನಾಲ್ಕನೇ ಕ್ಲಾಸು ಓದಿದ ಮನುಷ್ಯನಿಗೆ ಎಲ್ಲ ಪಾತ್ರಗಳ ಮಾತೂ ಬಾಯಿಪಾಠ.

ಹೀಗೆ ಕೇಳಿ ಕೇಳಿಯೇ ಕಲಿತವರು ಮಾವ ಒಬ್ಬರೇ ಅಲ್ಲ. ಇಲ್ಲೇ ಘಟ್ಟದ ಮೇಲಿನ ತಾಳವಾಡಿ ಸೀಮೆಯ ಗಾಜನೂರಿನ ಮುತ್ತುರಾಜ, ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಜೊತೆ ಗುಬ್ಬಿ ನಾಟಕ ಕಂಪನಿ ಸೇರಿದಾಗ ಇನ್ನೂ ಸಣ್ಣ ಹುಡುಗ. ಶಾಲೆ ಬೇಗ ಬಿಟ್ಟುಹೋಯಿತು. ಮುಂದೆ ರಾಜಕುಮಾರ್ ಆಗಿ ನಾವೆಲ್ಲ ಕೇಳಿದ ಆ ಉಚ್ಚಾರಣೆ ಕಂಪನಿಯಲ್ಲಿ ದೊಡ್ಡವರ ಮಾತನ್ನು ರಾತ್ರಿ ರಾತ್ರಿ ಕೇಳಿ ಪಳಗಿದ್ದು ಎಂದೇ ನನ್ನ ನಂಬಿಕೆ. ಪರದೆಯ ಹಿಂದಿನ ಕೆಲಸವೂ ಕಲಿಕೆಯೇ. ಹೆಗ್ಗೋಡಿನ ನೀನಾಸಂ 1980ರಲ್ಲಿ ರಂಗಶಿಕ್ಷಣ ಕೇಂದ್ರ ತೆರೆಯಿತು. ಅಲ್ಲಿ ಅಭಿನಯ ಕಲಿಯಲು ಹೋದವರು ರಂಗಸಜ್ಜಿಕೆ, ಬೆಳಕು, ಪ್ರಸಾಧನ ಎಲ್ಲವನ್ನೂ ಕಲಿತೇ ಬರಬೇಕು.

ಇನ್ನು ಇಲ್ಲಿ ಕೊಯಮತ್ತೂರಿನಲ್ಲಿ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ತಮಿಳು, ಇಂಗ್ಲಿಷ್. ವಾರ್ಷಿಕೋತ್ಸವ ಬಂತೆಂದರೆ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದುಕೊಟ್ಟು ಉರು ಹೊಡೆಸುತ್ತೇವೆ. ಮಾರನೆಯ ದಿನ ಅದು ಮರೆತುಹೋಗಿರುತ್ತದೆ. ನನಗೆ ಇದು ಬಹಳ ನೋವಿನ ಸಂಗತಿ. ಅದೇ ಮಗುವಿನ ಕೈಗೆ ನಾಟಕದ ಪುಸ್ತಕ ಕೊಟ್ಟು ತಾಲೀಮಿನುದ್ದಕ್ಕೂ ಪರದೆ ಪಕ್ಕ ನಿಲ್ಲಿಸಿ ನೋಡಿ. ಒಂದೇ ಮಾತನ್ನು ಸಿಟ್ಟಿನಲ್ಲಿ, ಪಿಸುದನಿಯಲ್ಲಿ, ಅಳುವಿನಲ್ಲಿ ಕೇಳುತ್ತದೆ. ಸಭೆಯ ಭಯವಿಲ್ಲ, ತಪ್ಪಿದರೆ ನಗುವವರಿಲ್ಲ. ಮಾತು ಎತ್ತಿಕೊಡಬೇಕಾದರೆ ಕನ್ನಡ ಅಕ್ಷರ ಓದಲೇಬೇಕು, ಓದುತ್ತದೆ.

ಮುಂದಿನ ನಾಟಕದ ತಾಲೀಮಿಗೆ ಪುಸ್ತಕ ಹಿಡಿಯಲು ಇಬ್ಬರು ಮಕ್ಕಳು ಬೇಕು. ಸಾಮಾನಿನ ಪಟ್ಟಿ ನೋಡಿಕೊಳ್ಳಲು ಇನ್ನೊಬ್ಬರು. ಊಟಕ್ಕೆ ಏಳುವ ಮುಂಚೆ ಸಂಘದ ಕಾರ್ಯದರ್ಶಿಗಳ ಹತ್ತಿರ ಹೆಸರು ಬರೆಸಿ. ಒಳಗೆ ಹಗ್ಗ ಸುತ್ತುತ್ತಿರುವವರು ದಯವಿಟ್ಟು ವೇದಿಕೆಗೆ ಬನ್ನಿ, ಉಳಿದ ಹಾರಗಳು ಇಲ್ಲಿವೆ.