ಬೆಳಗಾವಿಯ ಹುಡುಗಿಗೆ ಸಿಗದೇ ಹೋದ ವಿದ್ಯಾರ್ಥಿವೇತನ

(ಉಪನ್ಯಾಸದ ಬರಹರೂಪ)

ಮಹಿಳಾ ವಕೀಲರು ಒಟ್ಟುಗೂಡಿ, ತಮ್ಮ ಗಳಿಕೆಯಲ್ಲಿ ಒಂದು ಪಾಲನ್ನು ತೆಗೆದಿಟ್ಟು ಧರ್ಮನಿಧಿ ನಡೆಸುವ ಪದ್ಧತಿ ಈಗ ಹಲವು ದೇಶಗಳಲ್ಲಿದೆ. ಕಾನೂನು ಓದುವ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನ ಕೊಡುತ್ತಾರೆ, ಊರುಕೇರಿಯ ಮಹಿಳಾ ಸಂಘಗಳ ಕೆಲಸಕ್ಕೆ ಸಹಾಯಧನ ಕೊಡುತ್ತಾರೆ. ಇದನ್ನು ಕೇಳಿದೊಡನೆ, ಅದೆಲ್ಲ ಪಶ್ಚಿಮದವರ ರೂಢಿ, ನಮ್ಮ ಕಡೆ ನಡೆಯುವಂಥದ್ದಲ್ಲ ಎಂದು ಹೇಳುವವರು ಇದ್ದೇ ಇರುತ್ತಾರೆ. ಆದರೆ ಭಾರತದ ಮೊದಲ ಮಹಿಳಾ ವಕೀಲೆ ಎಂದು ಹೆಸರಾದ ಕಾರ್ನೇಲಿಯಾ ಸೊರಾಬ್ಜಿ ಇಂಗ್ಲೆಂಡಿಗೆ ಹೋಗಿ ಕಾನೂನು ಓದಿದ್ದೇ ಇಂಥ ಚಂದಾ ಹಣದಿಂದ. ಆಕೆ ಬಾಲ್ಯದ ಮೊದಲ ಕೆಲವು ವರ್ಷಗಳನ್ನು ಕಳೆದದ್ದು ಬೆಳಗಾವಿಯಲ್ಲಿ. ಈ ಊರಿನ ಎಷ್ಟು ಜನಕ್ಕೆ ಈ ಸಂಗತಿ ಗೊತ್ತಿದೆಯೋ!

ಕಾರ್ನೇಲಿಯಾ ಹುಟ್ಟಿದ್ದು ನಾಸಿಕದಲ್ಲಿ, 1866ರ ನವೆಂಬರ್ 15ರಂದು. ತಂದೆ ಪಾರ್ಸಿ ಮನೆತನದಿಂದ ಕ್ರೈಸ್ತಮತಕ್ಕೆ ಬಂದ ಪಾದ್ರಿ. ತಾಯಿ ಫ್ರಾನ್ಸಿನಾ ಹೆಣ್ಣುಮಕ್ಕಳ ಶಾಲೆಗಳನ್ನು ನಡೆಸಿದಾಕೆ. ಆಸ್ತಿ, ವಾರಸಾ ಹಕ್ಕುಗಳ ತೊಡಕು ಬಂದಾಗ ಸುತ್ತಲಿನ ಹೆಂಗಸರು ಸಲಹೆ ಕೇಳಲು ಬರುತ್ತಿದ್ದುದು ಈ ತಾಯಿಯ ಬಳಿಗೆ. ವಕೀಲರ ಮನೆಯ ಕಟ್ಟೆ ಹತ್ತಲಾಗದವರ ಅಹವಾಲನ್ನು ಮಗಳು ಚಿಕ್ಕಂದಿನಿಂದ ಕೇಳುತ್ತಲೇ ಬೆಳೆದಳು. ಕುಟುಂಬ ಬೆಳಗಾವಿಯಿಂದ ಪುಣೆಗೆ ಹೋಯಿತು. ಅಲ್ಲಿನ ಡೆಕ್ಕನ್ ಕಾಲೇಜಿನಲ್ಲಿ ಗಂಡುಹುಡುಗರ ನಡುವೆ ಓದಿ, ಮುಂಬಯಿ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪದವೀಧರೆ ಎನಿಸಿಕೊಂಡಳು. ಪರೀಕ್ಷೆಯಲ್ಲಿ ಬಂದದ್ದು ಅಗ್ರಸ್ಥಾನ. ಆ ಸ್ಥಾನ ಪಡೆದವರಿಗೆ ಇಂಗ್ಲೆಂಡಿನಲ್ಲಿ ಓದಲು ಸರಕಾರಿ ವಿದ್ಯಾರ್ಥಿವೇತನ ಸಲ್ಲಬೇಕಿತ್ತು. ಸಲ್ಲಲಿಲ್ಲ. ಕಾರಣ ಒಂದೇ: ಅರ್ಜಿದಾರಳು ಹೆಣ್ಣು.

ವಿಷಯ ಇಂಗ್ಲೆಂಡಿನವರೆಗೆ ಹೋಯಿತು. ವೈಸರಾಯ್ ಮಂಡಲಿಯಲ್ಲಿ ಕಾನೂನು ಸದಸ್ಯರಾಗಿದ್ದ ಆರ್ಥರ್ ಹಾಬ್‌ಹೌಸ್ ಅವರ ಪತ್ನಿ ಮೇರಿ ಹಾಬ್‌ಹೌಸ್ 1888ರಲ್ಲಿ ಲಂಡನ್ನಿನ 'ಟೈಮ್ಸ್' ಪತ್ರಿಕೆಗೆ ಪತ್ರ ಬರೆದು ಸಾರ್ವಜನಿಕರಲ್ಲಿ ಹಣ ಕೇಳಿದರು. ಕೊಟ್ಟವರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಇದ್ದರು, ಮುಂದೆ ಕಾಂಗ್ರೆಸ್ಸಿನ ಅಧ್ಯಕ್ಷರಾದ ವಿಲಿಯಂ ವೆಡರ್‌ಬರ್ನ್ ಇದ್ದರು. ಇದು ಬಡ ಹುಡುಗಿಯೊಬ್ಬಳ ಮೇಲೆ ಕನಿಕರಪಟ್ಟು ಎತ್ತಿದ ಹಣವಲ್ಲ. ಅರ್ಹತೆಯಿಂದ ಬರಬೇಕಾದದ್ದು ಬಾರದೇ ಹೋದಾಗ ಅದರ ಬದಲಿಗೆ ತುಂಬಿಕೊಟ್ಟ ಹಣ. ದಾನಕ್ಕೂ ಇದಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ.

1889ರಲ್ಲಿ ಕಾರ್ನೇಲಿಯಾ ಆಕ್ಸ್‌ಫರ್ಡಿನ ಸಮರ್‌ವಿಲ್ ಸೇರಿದಳು. ಕಾನೂನಿನ ಬಿ.ಸಿ.ಎಲ್. ಪರೀಕ್ಷೆಗೆ ಅದುವರೆಗೆ ಯಾವ ಹೆಣ್ಣೂ ಕುಳಿತಿರಲಿಲ್ಲ. ವಿಶೇಷ ಅನುಮತಿ ಪಡೆದು 1892ರಲ್ಲಿ ಪರೀಕ್ಷೆ ಬರೆದಳು. ಆದರೆ ಆಕ್ಸ್‌ಫರ್ಡ್ ಆಗ ಹೆಂಗಸರಿಗೆ ಪದವಿಯನ್ನೇ ಕೊಡುತ್ತಿರಲಿಲ್ಲ. ಬರೆದ ಪರೀಕ್ಷೆಯ ಪದವಿ ಕೈಗೆ ಬಂದದ್ದು ಮೂವತ್ತು ವರ್ಷಗಳ ನಂತರ, 1922ರಲ್ಲಿ!

ತಾಯ್ನಾಡಿಗೆ ಮರಳಿದ ಮೇಲೂ ಕಥೆ ಬೇರೆಯಾಗಲಿಲ್ಲ. ಮುಂಬಯಿಯ ಎಲ್‌ಎಲ್.ಬಿ. ಆಯಿತು, ಅಲಹಾಬಾದ್ ಹೈಕೋರ್ಟಿನ ವಕೀಲಿ ಪರೀಕ್ಷೆಯೂ ಆಯಿತು. ಸನದು ಮಾತ್ರ ಸಿಗಲಿಲ್ಲ. ಬಂಗಾಳ, ಬಿಹಾರದ ಜಮೀನುದಾರ ಮನೆತನಗಳಲ್ಲಿ ಪರದೆಯೊಳಗಿನ ವಿಧವೆಯರು ಪರಗಂಡಸಿನ ಎದುರು ಬರುವಂತಿರಲಿಲ್ಲ. ವಕೀಲರೆಲ್ಲ ಗಂಡಸರೇ. ಆಸ್ತಿಯ ಲೆಕ್ಕ ದಿವಾನನ ಕೈಯಲ್ಲಿ, ಕಾಗದ ಭಾವಮೈದುನನ ಕೈಯಲ್ಲಿ. ಹೆಬ್ಬೆಟ್ಟಿನ ಗುರುತು ಮಾತ್ರ ಆಕೆಯದು. ಅಂಥವರಿಗೆ ಒಬ್ಬ ಮಹಿಳಾ ಕಾನೂನು ಸಲಹೆಗಾರ್ತಿ ಬೇಕೆಂದು ಕಾರ್ನೇಲಿಯಾ ಸರಕಾರಕ್ಕೆ ಮೇಲಿಂದ ಮೇಲೆ ಬರೆದಳು. ಕೊನೆಗೆ 1904ರಲ್ಲಿ ಬಂಗಾಳದ ಕೋರ್ಟ್ ಆಫ್ ವಾರ್ಡ್ಸ್‌ನಲ್ಲಿ ಆಕೆಗಾಗಿಯೇ ಒಂದು ಹುದ್ದೆ ಹುಟ್ಟಿತು. ಮುಂದಿನ ವರ್ಷಗಳಲ್ಲಿ ಆಕೆಯ ನೆರವು ಪಡೆದ ಹೆಂಗಸರು ಮತ್ತು ಅನಾಥ ಮಕ್ಕಳ ಸಂಖ್ಯೆ 600ಕ್ಕೂ ಹೆಚ್ಚೆಂದು ಹೇಳುತ್ತಾರೆ.

ಬೇರೆಯವರೂ ಬಾಗಿಲು ತಟ್ಟುತ್ತಲೇ ಇದ್ದರು. 1916ರಲ್ಲಿ ರೆಜಿನಾ ಗುಹಾ ಅವರ ಅರ್ಜಿಯನ್ನು ಕಲಕತ್ತಾ ಹೈಕೋರ್ಟು ತಳ್ಳಿಹಾಕಿತು. 1921ರಲ್ಲಿ ಸುಧಾಂಶುಬಾಲಾ ಹಾಜ್ರಾ ಅವರನ್ನು ಪಾಟ್ನಾ ಹೈಕೋರ್ಟು ವಾಪಸು ಕಳಿಸಿತು. ಅದೇ 1921ರಲ್ಲಿ ಅಲಹಾಬಾದ್ ಹೈಕೋರ್ಟು ಕಾರ್ನೇಲಿಯಾರನ್ನು ವಕೀಲೆಯೆಂದು ಒಪ್ಪಿಕೊಂಡಿತು. ಹೆಣ್ಣೆಂಬ ಕಾರಣಕ್ಕೆ ಯಾರಿಗೂ ವಕೀಲಿ ನಿರಾಕರಿಸುವಂತಿಲ್ಲ ಎಂದು 1923ರ ಕಾಯ್ದೆ ಹೇಳಿದ ಮೇಲೆ ಎಲ್ಲ ಕಡೆಯೂ ಅಡ್ಡಿ ತೊಲಗಿತು. 1924ರಲ್ಲಿ ಕಾರ್ನೇಲಿಯಾ ಕಲಕತ್ತೆಯಲ್ಲಿ ವಕೀಲಿ ಆರಂಭಿಸಿದರು. ಆಗ ಅವರಿಗೆ 57 ವರ್ಷ. ಅದೇ ವರ್ಷದ ಡಿಸೆಂಬರಿನಲ್ಲಿ ಅವರ ಬಾಲ್ಯದ ಊರಾದ ಬೆಳಗಾವಿಯಲ್ಲಿ ಗಾಂಧೀಜಿ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ನಡೆಯಿತು. ಈ ಎರಡನ್ನು ಒಂದೇ ಉಸಿರಿನಲ್ಲಿ ಹೇಳುವುದಕ್ಕೆ ಸ್ವಲ್ಪ ಸಂಕೋಚವಾಗುತ್ತದೆ. ಏಕೆಂದರೆ ಕಾರ್ನೇಲಿಯಾ ರಾಷ್ಟ್ರೀಯ ಚಳವಳಿಯ ಪರವಾಗಿರಲಿಲ್ಲ. ಬ್ರಿಟಿಷ್ ಆಳ್ವಿಕೆಯನ್ನು ಮೆಚ್ಚಿದವರು, ಗಾಂಧೀಜಿಯವರನ್ನು ವಿರೋಧಿಸಿದವರು. ಸ್ವಾತಂತ್ರ್ಯಾನಂತರದ ಪಠ್ಯಪುಸ್ತಕಗಳು ಅವರನ್ನು ಬದಿಗೆ ಸರಿಸಿದ್ದಕ್ಕೆ ಇದೂ ಒಂದು ಕಾರಣವಿರಬೇಕು. ಅವರ ರಾಜಕೀಯವನ್ನು ಒಪ್ಪಬೇಕಾಗಿಲ್ಲ. ಪರದೆಯ ಈಚೆ ಕುಳಿತು ಅವರು ಬರೆದುಕೊಂಡ ಅಹವಾಲುಗಳನ್ನು ಅಲ್ಲಗಳೆಯುವಂತೆಯೂ ಇಲ್ಲ.

ಇನ್ನು ಬೆಳಗಾವಿಯ ಮಾತು. ಓದುವವರಿಗೆ ಹಣ ತೆಗೆದಿಡುವುದು ಈ ಸೀಮೆಗೆ ಹೊಸದೇನಲ್ಲ. ಶಿರಸಂಗಿಯ ಲಿಂಗರಾಜ ದೇಸಾಯಿಯವರು 1906ರಲ್ಲಿ ತೀರಿಕೊಳ್ಳುವ ಮುನ್ನ ಮೃತ್ಯುಪತ್ರ ಬರೆದು ತಮ್ಮ ಸಂಸ್ಥಾನದ ಆಸ್ತಿಯನ್ನು ಸಮಾಜದ ಮಕ್ಕಳ ವಿದ್ಯೆಗೆ ಬಿಟ್ಟುಕೊಟ್ಟರು. ಆ ಟ್ರಸ್ಟಿನ ಹಣದಿಂದ ಓದಿ ಮುಂದೆ ಬಂದವರ ಮನೆಗಳು ಉತ್ತರ ಕರ್ನಾಟಕದ ತುಂಬ ಇವೆ. 1916ರಲ್ಲಿ ಏಳು ಜನ ಶಿಕ್ಷಕರು ಕಟ್ಟಿದ ಕೆ.ಎಲ್.ಇ. ಸಂಸ್ಥೆಯ ಕಥೆ ಎಲ್ಲರಿಗೂ ಗೊತ್ತು. ಕಾನೂನು ಓದಲು ಮಾತ್ರ ಪುಣೆ, ಮುಂಬಯಿ ಕಡೆ ಹೋಗಬೇಕಿತ್ತು. ಆ ಕೊರತೆ ನೀಗಿದ್ದು 1939ರಲ್ಲಿ, ಕರ್ನಾಟಕ ಲಾ ಸೊಸೈಟಿಯ ಕಾನೂನು ಕಾಲೇಜಿನಿಂದ. ಅದಕ್ಕಿರುವುದು ವಂಟಮುರಿಯ ರಾಜಾ ಲಖಮಗೌಡರ ಹೆಸರು.

ಈ ಕಾಲೇಜಿನ ವಿದ್ಯಾರ್ಥಿಗಳಲ್ಲಿ ಒಬ್ಬರು ಇ.ಎಸ್. ವೆಂಕಟರಾಮಯ್ಯ. 1989ರ ಜೂನ್‌ನಿಂದ ಡಿಸೆಂಬರ್‌ವರೆಗೆ ಅವರು ಭಾರತದ ಮುಖ್ಯ ನ್ಯಾಯಮೂರ್ತಿಗಳಾಗಿದ್ದರು. ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಎಂ. ಫಾತಿಮಾ ಬೀವಿ ಅಧಿಕಾರ ಸ್ವೀಕರಿಸಿದ್ದು ಆ ಅವಧಿಯಲ್ಲೇ, 1989ರ ಅಕ್ಟೋಬರ್ 6ರಂದು. ವೆಂಕಟರಾಮಯ್ಯನವರ ಮಗಳು ಬಿ.ವಿ. ನಾಗರತ್ನ 2021ರಲ್ಲಿ ಅದೇ ನ್ಯಾಯಾಲಯಕ್ಕೆ ಬಂದರು. ಸಮಾರಂಭಗಳಲ್ಲಿ ಹೇಳಿಕೊಳ್ಳಲು ಇದು ಚೆಂದವಾದ ವಂಶಾವಳಿ. ಆದರೆ ಅಪ್ಪ ನ್ಯಾಯಮೂರ್ತಿಯಾಗಿರುವ ಮನೆಯ ಹುಡುಗಿ ಅಲ್ಲಿಗೆ ತಲುಪುವುದು ಒಂದು ದಾರಿ. ಖಾನಾಪುರ ತಾಲ್ಲೂಕಿನ ಕಾಡಂಚಿನ ಹಳ್ಳಿಯ ಹುಡುಗಿ ಖಾನಾಪುರದ ಕೋರ್ಟಿಗಾದರೂ ತಲುಪುವುದು ಇನ್ನೊಂದೇ ದಾರಿ.

ಖಾನಾಪುರ ಬೆಳಗಾವಿಯಿಂದ 25 ಕಿಲೋಮೀಟರಿನ ಆಸುಪಾಸು. ತಾಲ್ಲೂಕು ಮಾತ್ರ ಬಲು ದೊಡ್ಡದು. ಒಂದು ಕಡೆ ಸಂಗೊಳ್ಳಿ ರಾಯಣ್ಣನ ನಂದಗಡ, ಕದಂಬರ ಹಲಸಿ. ಇನ್ನೊಂದು ಕಡೆ ಮಲಪ್ರಭೆ ಹುಟ್ಟುವ ಕಣಕುಂಬಿ. ನಡುವೆ 2011ರಲ್ಲಿ ವನ್ಯಧಾಮವೆಂದು ಘೋಷಣೆಯಾದ ಭೀಮಗಡದ ಕಾಡು. ಮನೆಮಾತು ಕೆಲವರಿಗೆ ಕನ್ನಡ, ಹಲವರಿಗೆ ಮರಾಠಿ. ಇಲ್ಲಿಯ ಹೆಣ್ಣುಮಕ್ಕಳಿಗೆ ಕಾನೂನು ಏನು ಕೊಟ್ಟಿದೆ ಎಂದು ನೋಡಿದರೆ, ಪುಸ್ತಕದಲ್ಲಿ ಕಡಿಮೆಯೇನಿಲ್ಲ. ಹಿಂದೂ ಸ್ತ್ರೀಯರ ಆಸ್ತಿ ಹಕ್ಕಿಗಾಗಿ ಮೈಸೂರು ಸಂಸ್ಥಾನ 1933ರಲ್ಲೇ ಕಾಯ್ದೆ ಮಾಡಿತ್ತು. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ ಸೀಮೆಯ ವಿಧವೆಯರಿಗೆ 1937ರ ಕೇಂದ್ರ ಕಾಯ್ದೆಯವರೆಗೆ ಕಾಯಬೇಕಾಯಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಎಂದು ಕರ್ನಾಟಕ 1994ರಲ್ಲಿ ತಿದ್ದುಪಡಿ ತಂದಿತು. ಅದಕ್ಕೂ ಮುಂಚೆ ಮದುವೆಯಾದವರನ್ನು ಹೊರಗಿಟ್ಟಿತು. 2005ರ ಕೇಂದ್ರ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಈ ಹಕ್ಕು ಹುಟ್ಟಿನಿಂದಲೇ ಬಂದದ್ದು, ತಿದ್ದುಪಡಿಯ ಹೊತ್ತಿಗೆ ತಂದೆ ಬದುಕಿರಬೇಕೆಂದೇನಿಲ್ಲ ಎಂದು 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ವಿವಾಹಿತರಿಗೆ ಕೊಡುವ ಹಕ್ಕುಪತ್ರ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಇರಬೇಕು.

ಇಷ್ಟೆಲ್ಲ ಇದ್ದರೂ ಉತಾರದಲ್ಲಿ ಹೆಸರು ಕೂರುವುದು ಕಷ್ಟ. ವಾಟ್ನಿಯ ಹೊತ್ತಿಗೆ ಅಣ್ಣತಮ್ಮಂದಿರು ಅಕ್ಕತಂಗಿಯರನ್ನು ಪ್ರೀತಿಯಿಂದಲೇ ಕರೆಯುತ್ತಾರೆ. ಉಪನೋಂದಣಿ ಕಚೇರಿಯಲ್ಲಿ ಹಕ್ಕು ಬಿಟ್ಟುಕೊಟ್ಟ ಕಾಗದಕ್ಕೆ ಸಹಿಯಾಗುತ್ತದೆ, ಮನೆಗೆ ಬಂದ ಮೇಲೆ ಒಂದು ಸೀರೆ, ಒಂದು ಖಣ. ಕಾಗದದಲ್ಲಿ ಏನು ಬರೆದಿತ್ತೆಂದು ಕೇಳಿದರೆ, "ತವರುಮನಿ ಬಾಗಲಾ ಮುಚ್ಚಬಾರದಲ್ಲ, ಅದಕ್ಕ ಮಾಡೇನಿ" ಎಂಬಂಥ ಉತ್ತರ ಬರುತ್ತದೆ. ಬಂಗಾಳದ ಪರದೆಯ ಹಿಂದಿದ್ದ ವಿಧವೆಗೂ ಈಕೆಗೂ ನಡುವೆ ನೂರು ವರ್ಷಗಳ ಅಂತರವಿದೆ. ಪರದೆ ಇಲ್ಲ, ಹೆಬ್ಬೆಟ್ಟಿನ ಬದಲು ಸಹಿ ಬಂದಿದೆ. ಸಹಿಗೆ ಮುಂಚೆ ಕಾಗದ ಓದಿ, ಆಕೆಯ ಮಾತಿನಲ್ಲೇ ಅರ್ಥ ಹೇಳುವ ಇನ್ನೊಬ್ಬ ಹೆಣ್ಣುಮಗಳು ಪಕ್ಕದಲ್ಲಿ ಇಲ್ಲ.

ಸರಕಾರದ ಉಚಿತ ಕಾನೂನು ನೆರವು ಇದೆಯಲ್ಲ ಎನ್ನಬಹುದು. ಇದೆ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ 1995ರಲ್ಲಿ ಜಾರಿಗೆ ಬಂತು. ಅದರ 12ನೇ ಕಲಮಿನಂತೆ ಹೆಂಗಸರಿಗೆ ಆದಾಯದ ಮಿತಿ ಇಲ್ಲದೆ ನೆರವು ಸಿಗಬೇಕು. ವಕೀಲರ ಶುಲ್ಕ, ಕೋರ್ಟ್ ಫೀ, ನಕಲು ಪ್ರತಿಗಳ ಖರ್ಚು ಎಲ್ಲವೂ ಅದರಲ್ಲಿ ಸೇರುತ್ತದೆ. ಜಿಲ್ಲೆಯಲ್ಲಿ ಪ್ರಾಧಿಕಾರ, ತಾಲ್ಲೂಕಿನಲ್ಲಿ ಸಮಿತಿ. 2008ರಲ್ಲಿ ಧಾರವಾಡದಲ್ಲಿ ಹೈಕೋರ್ಟ್ ಪೀಠ ಆರಂಭವಾದ ಮೇಲೆ ಮೇಲ್ಮನವಿಗೆ ಬೆಂಗಳೂರಿಗೆ ಅಲೆಯುವುದೂ ತಪ್ಪಿತು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸಿನ ಟಿಕೆಟ್ಟೂ ಪುಕ್ಕಟೆ. ಆದರೆ ಈ ನೆರವೆಲ್ಲ ಅರ್ಜಿ ಬರೆದ ಮೇಲೆ ಶುರುವಾಗುವಂಥದ್ದು. ಅರ್ಜಿ ಬರೆಯಬೇಕೋ ಬೇಡವೋ ಎಂದು ಆಕೆ ಯೋಚಿಸುತ್ತ ಕೂತ ವಾರಗಳಲ್ಲಿ, ತಿಂಗಳುಗಳಲ್ಲಿ, ಮಾತಾಡಲು ಸಿಗುವುದು ಊರಿನ ಮಹಿಳಾ ಸಂಘ ಮಾತ್ರ. ಖಾನಾಪುರ ಭಾಗದಲ್ಲಿ ಜಾಗೃತಿ ಮಹಿಳಾ ಒಕ್ಕೂಟದಂಥ ಸಂಘಟನೆಗಳು ಉದ್ಯೋಗ ಖಾತರಿಯ ಕೂಲಿಗಾಗಿ ಹೆಂಗಸರನ್ನು ಕೂಡಿಸಿ, ಅರ್ಜಿ ಹಿಡಿದು ಕಚೇರಿಯ ಮುಂದೆ ನಿಲ್ಲುವುದನ್ನು ಕಲಿಸಿದವು. ವಕೀಲೆಯರ ಧರ್ಮನಿಧಿಯೊಂದು ಸಹಾಯಧನ ಕೊಡುವುದಾದರೆ ಇಂಥಲ್ಲಿ ಕೊಡಬೇಕು. ಉತಾರದ ನಕಲಿಗೆ, ತಿಂಗಳಿಗೊಮ್ಮೆ ವಕೀಲೆಯೊಬ್ಬಳು ಹಳ್ಳಿಗೆ ಬಂದು ಕೂರುವ ಖರ್ಚಿಗೆ, ಮರಾಠಿಯಲ್ಲೂ ಕನ್ನಡದಲ್ಲೂ ಅಚ್ಚು ಹಾಕಿಸಿದ ನಾಲ್ಕು ಪುಟಗಳಿಗೆ. ದೊಡ್ಡ ಮೊತ್ತವೇನೂ ಬೇಡ. ಶಾಮಿಯಾನ ಹಾಕಿ ನಡೆಸುವ 'ಕಾನೂನು ಅರಿವು' ಸಭೆಯ ಹಾರತುರಾಯಿಯ ಹಣವೇ ಸಾಕಾದೀತು.

ವಿದ್ಯಾರ್ಥಿವೇತನದ ಬಗ್ಗೆ ಇನ್ನೊಂದು ಮಾತು. ಬಹುತೇಕ ವಿದ್ಯಾರ್ಥಿವೇತನಗಳು ಕೊನೆಯ ಪರೀಕ್ಷೆಯ ದಿನಕ್ಕೆ ಮುಗಿದುಹೋಗುತ್ತವೆ. ಕಾನೂನು ಓದಿದ ಹಳ್ಳಿಯ ಹುಡುಗಿಯ ನಿಜವಾದ ಕಷ್ಟ ಅಲ್ಲಿಂದ ಮುಂದೆ ಶುರುವಾಗುತ್ತದೆ. ಬಾರ್ ಕೌನ್ಸಿಲ್ಲಿನಲ್ಲಿ ಹೆಸರು ನೋಂದಾಯಿಸಲು ರಾಜ್ಯ ಪರಿಷತ್ತುಗಳು ಹತ್ತಾರು ಸಾವಿರ ರೂಪಾಯಿ ವಸೂಲು ಮಾಡುತ್ತಿದ್ದವು. ಒಡಿಶಾದಲ್ಲಿ ಅದು 42,100ಕ್ಕೆ ಮುಟ್ಟಿತ್ತು. ಕಾಯ್ದೆಯಲ್ಲಿ ಹೇಳಿದ 750 ರೂಪಾಯಿ, ಪರಿಶಿಷ್ಟ ಜಾತಿ ಪಂಗಡದವರಿಗಾದರೆ 125 ರೂಪಾಯಿ, ಇದಕ್ಕಿಂತ ಹೆಚ್ಚು ಕೇಳಕೂಡದೆಂದು ಸುಪ್ರೀಂ ಕೋರ್ಟು 2024ರ ಜುಲೈ 30ರಂದು ತೀರ್ಪಿತ್ತಿತು. ಒಂದು ಅಡ್ಡಗೋಡೆ ಬಿದ್ದಂತಾಯಿತು. ಉಳಿದದ್ದು ಹಿರಿಯ ವಕೀಲರ ಕಚೇರಿಯಲ್ಲಿ ಕಿರಿಯಳಾಗಿ ಕೆಲಸ ಕಲಿಯುವ ಮೊದಲ ಎರಡು ಮೂರು ವರ್ಷ. ಅಲ್ಲಿ ಸಂಬಳವೆಂಬುದಿಲ್ಲ, ಕೈಖರ್ಚಿಗೆ ಕೊಟ್ಟರೆ ಉಂಟು. ಅಪ್ಪನದೇ ವಕೀಲಿ ಕಚೇರಿ ಇದ್ದವರಿಗೆ ಈ ವರ್ಷಗಳು ಭಾರವಲ್ಲ. ಕುಂಬಾರರ ಮನೆಯಿಂದಲೋ, ಗೌಳಿ ವಾಡೆಯಿಂದಲೋ ಬಂದ ಹುಡುಗಿಗೆ, "ಐದು ವರ್ಷ ಓದಿಸಿದ್ದಾಯ್ತು, ಇನ್ನೂ ಮನೆಯಿಂದಲೇ ರೊಕ್ಕ ಕೊಡಬೇಕೇನವ್ವಾ?" ಎಂಬ ಪ್ರಶ್ನೆ ಎದುರಾಗುತ್ತದೆ. ಅದರ ಬೆನ್ನಿಗೇ ಮದುವೆಯ ಮಾತು ಬರುತ್ತದೆ. ಕರಿ ಕೋಟು ಪೆಟ್ಟಿಗೆ ಸೇರುತ್ತದೆ.

ಕಿರಿಯ ವಕೀಲರಿಗೆ ನಗರಗಳಲ್ಲಿ ತಿಂಗಳಿಗೆ 20,000, ಗ್ರಾಮಾಂತರದಲ್ಲಿ 15,000 ರೂಪಾಯಿಯಾದರೂ ಕೊಡಿ ಎಂದು ಭಾರತೀಯ ವಕೀಲರ ಪರಿಷತ್ತು 2024ರ ಅಕ್ಟೋಬರ್‌ನಲ್ಲಿ ಸುತ್ತೋಲೆ ಹೊರಡಿಸಿತು. ಅದು ಶಿಫಾರಸು, ಕಡ್ಡಾಯವಲ್ಲ. ತಾಲ್ಲೂಕು ಕೋರ್ಟಿನ ಸಾಧಾರಣ ವಕೀಲರೊಬ್ಬರು ತಮ್ಮ ಕಿರಿಯಳಿಗೆ ಪ್ರತಿ ತಿಂಗಳು ಅಷ್ಟು ಎಣಿಸಿ ಕೊಡುವ ಸ್ಥಿತಿಯಲ್ಲಿ ಇರುವುದು ಅಪರೂಪ. ರಾಜ್ಯ ಸರಕಾರ ಪರಿಶಿಷ್ಟರಿಗೂ ಹಿಂದುಳಿದವರಿಗೂ ತರಬೇತಿಯ ಅವಧಿಗೆ ಶಿಷ್ಯವೇತನ ಇಟ್ಟಿದೆ. ಅದರ ವ್ಯಾಪ್ತಿಗೆ ಬಾರದವರು, ಬಂದೂ ಆಯ್ಕೆಯಾಗದವರು ಉಳಿಯುತ್ತಾರೆ. ಬೆಳಗಾವಿಯ ಕೋರ್ಟು ಆವರಣದಲ್ಲಿ ಈಗ ನೆಲೆ ನಿಂತಿರುವ ವಕೀಲೆಯರು ಕೈಕೂಡಿಸಿದರೆ, ಖಾನಾಪುರದಲ್ಲಿ ವಕೀಲಿ ನಡೆಸುತ್ತೇನೆಂದು ಒಪ್ಪುವ ಇಬ್ಬರು ಹುಡುಗಿಯರನ್ನು ಮೂರು ವರ್ಷ ನಡೆಸಿಕೊಂಡು ಹೋಗುವುದು ಆಗದ ಕೆಲಸವಲ್ಲ. ಆ ಇಬ್ಬರಲ್ಲಿ ಒಬ್ಬಳಿಗಾದರೂ ಮರಾಠಿ ಚೆನ್ನಾಗಿ ಬರುತ್ತಿರಬೇಕು.